ಕಲ್ಲಿಗೆ ಅಡ್ಡ ನಿಂತ ಜಿಡೆ ಮರ

ಅಕ್ತೌ ಊರನ್ನು ಕಟ್ಟಿದವರು ಯಾರು ಎಂದು ಕೇಳಿದರೆ ಪ್ರತಿಯೊಬ್ಬರೂ ತಮಗೆ ಪಿಂಚಣಿ ಕೊಡುವ ಸಂಸ್ಥೆಯ ಹೆಸರು ಹೇಳುತ್ತಾರೆ. ಗಣಿಯವರಿಗೆ ಗಣಿ. ಕಟ್ಟಡ ನಿಗಮದವರಿಗೆ ನಿಗಮ. ತಾವು ಗೋಡೆ ಎಬ್ಬಿಸದಿದ್ದರೆ ಗಣಿಯವರು ಇವತ್ತಿಗೂ ಡೇರೆಯಲ್ಲೇ ಗೊರಕೆ ಹೊಡೆಯುತ್ತಿದ್ದರು ಎನ್ನುತ್ತಾರೆ. ಸಮುದ್ರದ ಉಪ್ಪುನೀರನ್ನು ಸಿಹಿ ಮಾಡುವ ಕಾರ್ಖಾನೆಯವರು ಮಾತಾಡುವ ಗೋಜಿಗೇ ಹೋಗುವುದಿಲ್ಲ. ಒಂದು ಲೋಟ ನೀರನ್ನು ಮುಂದಿಟ್ಟು ನಿಮ್ಮ ಮುಖ ನೋಡುತ್ತಾರೆ. ಮೀನುಗಾರರ ಸಹಕಾರ ಸಂಘದ ಮುದುಕರಂತೂ ಇವರೆಲ್ಲ ಬರುವ ಮೊದಲು ಇಲ್ಲಿ ಇದ್ದದ್ದು ತಾವು ಮತ್ತು ಸೀಲ್ ಪ್ರಾಣಿಗಳು ಮಾತ್ರ, ಸೀಲ್‌ಗಳೇ ವಾಸಿ ಎನ್ನುವವರು. ನಮ್ಮ ಊರಿನ ಬೀದಿಗಳಿಗೆ ಹೆಸರಿಲ್ಲ. ವಿಳಾಸವೆಂದರೆ ಬಡಾವಣೆಯ ನಂಬರು, ಕಟ್ಟಡದ ನಂಬರು, ಮನೆಯ ನಂಬರು. ಹಾಗಾಗಿಯೋ ಏನೋ, ಹೆಸರಿನ ಹಸಿವು ಇಲ್ಲಿನವರಿಗೆ ಸ್ವಲ್ಪ ಜಾಸ್ತಿ.

ಎರಡನೇ ಬಡಾವಣೆಯ ಉಲ್ಮೆಕೆನ್ ಮಾತ್ರ ತಾನು ಊರು ಕಟ್ಟಿದೆನೆಂದು ಯಾವತ್ತೂ ಹೇಳಿಕೊಂಡವಳಲ್ಲ. ಅವಳು ಹೇಳುತ್ತಿದ್ದದ್ದು ಒಂದೇ ಮಾತು: ಅಂಗಳದಲ್ಲಿರುವ ಜಿಡೆ ಮರ ತನ್ನದು.

ಅವಳು ಈ ಊರಿಗೆ ಬಂದದ್ದು ಹೊಸ ಸೊಸೆಯಾಗಿ. ಗಂಡ ನುರ್ನಿಯಾಜ್ ಕಟ್ಟಡ ನಿಗಮದಲ್ಲಿ ಗಾರೆ ಕೆಲಸದವನು. ತವರಿನವರು ಮರಳುಗಾಡಿನಲ್ಲಿ ಒಂಟೆ ಸಾಕುವವರು. ಮಗಳ ಜೊತೆಗೆ ಒಂದು ಪೆಟ್ಟಿಗೆ ಮತ್ತು ಹಾಲು ಕರೆಯುವ ಒಂದು ಒಂಟೆ ಕಳಿಸಿದರು. ಪೆಟ್ಟಿಗೆಗೆ ವಸತಿಗೃಹದಲ್ಲಿ ಜಾಗ ಸಿಕ್ಕಿತು. ಒಂಟೆಗೆ ಸಿಗಲಿಲ್ಲ. ಆಧುನಿಕ ನಗರದಲ್ಲಿ ಒಂಟೆಗೆ ಅವಕಾಶವಿಲ್ಲ ಎಂದು ವಸತಿಗೃಹದ ಮೇಲ್ವಿಚಾರಕ ಹೇಳಿದ. ಉಲ್ಮೆಕೆನ್ ಹೂಂ ಎಂದಳು, ಒಂಟೆಯನ್ನು ಸಿಮೆಂಟ್ ಗೋದಾಮಿನ ಹಿಂದೆ ಕಟ್ಟಿದಳು, ಸಂಜೆ ಅದರ ಹಾಲು ಹುಳಿಹಾಕಿ ಶುಬತ್ ಮಾಡಿ ಮೊದಲ ಬಟ್ಟಲನ್ನು ಮೇಲ್ವಿಚಾರಕನಿಗೇ ಕೊಟ್ಟಳು. ಆಮೇಲೆ ಅವನು ಗೋದಾಮಿನ ಹಿಂದೆ ಹೋಗುವುದನ್ನೇ ಬಿಟ್ಟ. ಖಾಸಗಿ ವ್ಯಾಪಾರ ಅಪರಾಧವಾಗಿದ್ದ ಕಾಲದಲ್ಲಿ ನಮ್ಮ ಊರಿನ ಮೊದಲ ಖಾಸಗಿ ಅಂಗಡಿ ಶುರುವಾದದ್ದು ಹೀಗೆ. ಅದಕ್ಕೆ ಬೋರ್ಡು ಇರಲಿಲ್ಲ, ವಾಸನೆ ಇತ್ತು.

ಇಡೀ ಊರು ಕೂತಿರುವುದು ಚಿಪ್ಪುಗಲ್ಲಿನ ಮೇಲೆ. ಗಿಡ ನೆಡಬೇಕೆಂದರೆ ಮೊದಲು ಕಲ್ಲು ಒಡೆಯಬೇಕು, ದೂರದಿಂದ ಲಾರಿಯಲ್ಲಿ ಮಣ್ಣು ತರಿಸಬೇಕು, ಆಮೇಲೆ ಸಿಹಿನೀರಿಗೆ ಕೈಚಾಚಬೇಕು. ಈ ಮೂರು ಕೆಲಸವೂ ಸಂಸ್ಥೆಗಳಿಗೆ ಮಾತ್ರ ಸಾಧ್ಯವಿತ್ತು. ಆದ್ದರಿಂದ ಊರಿನ ಒಂದೊಂದು ಮರವೂ ಒಂದೊಂದು ಸಂಸ್ಥೆಗೆ ಸೇರಿದ್ದು, ಬುಡದಲ್ಲಿ ತಗಡಿನ ಹಲಗೆ. ಉಲ್ಮೆಕೆನ್‌ಗೆ ಮೊದಲ ಮಗು ಹುಟ್ಟಿದಾಗ ಅವಳಿಗೆ ನೆರಳು ಬೇಕೆನಿಸಿತು. ನುರ್ನಿಯಾಜ್ ಸಂಜೆ ಹೊತ್ತು ಹಾರೆ ಹಿಡಿದು ಗುಂಡಿ ತೋಡಿದ. ಮಣ್ಣು ತಂದುಕೊಟ್ಟವನು ಇಜ್ಬಸಾರ್, ಲಾರಿ ಓಡಿಸುತ್ತಿದ್ದವನು, ನುರ್ನಿಯಾಜ್‌ಗೆ ಚಿಕ್ಕಪ್ಪನಾಗಬೇಕು. ಆ ಲೆಕ್ಕದಲ್ಲಿ ಉಲ್ಮೆಕೆನ್‌ಗೆ ಮಾವ. ಅದು ಒಬ್ಬ ದೊಡ್ಡ ಅಧಿಕಾರಿಯ ಗುಲಾಬಿ ತೋಟಕ್ಕೆಂದು ಹೊರಟಿದ್ದ ಮಣ್ಣು. ಗುಲಾಬಿಗೆ ಮುಕ್ಕಾಲು ಲಾರಿ ಸಾಕು, ಅದೇನು ಒಂಟೆಯೇ ಎಂದು ಹೇಳಿ ಇಜ್ಬಸಾರ್ ಉಳಿದದ್ದನ್ನು ಗುಂಡಿಗೆ ಸುರಿದ, ಒಂದು ಬಕೆಟ್ ಶುಬತ್ ತಗೊಂಡು ಹೋದ. ಇಬ್ಬರಿಗೂ ಲಾಭವಾಗಿ ಮೂರನೆಯವನಿಗೆ ಗೊತ್ತೇ ಆಗದ ವ್ಯಾಪಾರಕ್ಕಿಂತ ಶುದ್ಧವಾದದ್ದು ಯಾವುದಿದೆ?

ನೀರಿನ ಕಥೆಯೂ ಹೀಗೇ. ಅಕ್ಕಿ ತೊಳೆದದ್ದು, ಮಗುವಿಗೆ ಸ್ನಾನ ಮಾಡಿಸಿದ್ದು, ನೆಂಟರ ಬಟ್ಟಲಲ್ಲಿ ಉಳಿದ ಚಹಾ, ಎಲ್ಲವೂ ಜಿಡೆಯ ಬುಡಕ್ಕೆ. ಚಹಾ ಪೂರ್ತಿ ಕುಡಿದು ಬಟ್ಟಲು ಬರಿದು ಮಾಡುವ ನೆಂಟರನ್ನು ಅವಳು ಅಷ್ಟಾಗಿ ಇಷ್ಟಪಡುತ್ತಿರಲಿಲ್ಲ. ಮರ ಬೆಳೆಯಿತು. ಬೆಳ್ಳಿ ಬಣ್ಣದ ಎಲೆ, ಬೇಸಿಗೆಯ ಆರಂಭದಲ್ಲಿ ಇಡೀ ಅಂಗಳಕ್ಕೆ ಅಮಲು ಏರಿಸುವ ಹೂವು, ಶರತ್ಕಾಲದಲ್ಲಿ ಬೆರಳ ತುದಿಯಷ್ಟು ಹಿಟ್ಟುಹಿಟ್ಟಾದ ಹಣ್ಣು, ಮತ್ತು ಕೈ ಹಾಕಿದವರಿಗೆಲ್ಲ ಮುಳ್ಳು. ನೋಡಿದವರು ಮರ ಯಜಮಾನಿಯನ್ನೇ ಹೋಲುತ್ತದೆ ಎನ್ನುತ್ತಿದ್ದರು.

ಆಮೇಲೆ ದೇಶ ಒಡೆಯಿತು, ಗಣಿ ಮುಚ್ಚಿತು, ಮನೆಗಳಿಗೆ ಬಿಸಿನೀರು ಬರುವುದು ನಿಂತಿತು. ನುರ್ನಿಯಾಜ್ ಅದೇ ಚಳಿಗಾಲ ತೀರಿಕೊಂಡ. ಜನ ತಗಡಿನ ಹಲಗೆಗಳನ್ನಷ್ಟೇ ಉಳಿಸಿ ಸಂಸ್ಥೆಗಳ ಮರಗಳನ್ನು ಕಡಿದು ಒಲೆಗೆ ಹಾಕಿದರು. ಉಲ್ಮೆಕೆನ್ ಹಡಗು ಹತ್ತಿ ಸಮುದ್ರದಾಚೆಯ ಬಾಕು ಪಟ್ಟಣಕ್ಕೆ ಹೋಗಿ ಚಹಾಪುಡಿ, ಕಾಲುಚೀಲ, ಸೀಮೆಎಣ್ಣೆ ಒಲೆ ತಂದು ಜಿಡೆಯ ಕೆಳಗೆ ಹರಡಿ ಕೂತಳು. ನೆರಳನ್ನು ಮಾರಲು ಬರುವುದಿಲ್ಲ. ಆದರೆ ನೆರಳಿನಲ್ಲಿ ನಿಂತ ಮನುಷ್ಯನಿಗೆ ಬೇರೆ ಏನು ಬೇಕಾದರೂ ಮಾರಬಹುದು. ಒಮ್ಮೆ ಒಬ್ಬ ಕೊಡಲಿ ಹಿಡಿದು ಮರದ ಹತ್ತಿರ ಬಂದ. ಅವಳು ಅವನನ್ನು ಕೂರಿಸಿ, ಚಹಾ ಕೊಟ್ಟು, ಹೆಂಡತಿ ಮಕ್ಕಳ ಯೋಗಕ್ಷೇಮ ವಿಚಾರಿಸಿ, ಒಂದು ಸೀಮೆಎಣ್ಣೆ ಒಲೆ ಮಾರಿ ಕಳಿಸಿದಳು. ಬೆಲೆಗೆ ಬದಲಾಗಿ ಕೊಡಲಿಯನ್ನೇ ಇಟ್ಟುಕೊಂಡಳು. ಇವತ್ತಿಗೂ ಅವಳ ಮನೆಯಲ್ಲಿ ಎಲುಬು ಒಡೆಯುವುದು ಅದೇ ಕೊಡಲಿಯಿಂದ.

ಹೀಗೆ ಕಾಪಾಡಿದ ಮರಕ್ಕೆ ನಿಜವಾದ ಕುತ್ತು ಬಂದದ್ದು ಊರು ಚೇತರಿಸಿಕೊಂಡ ಮೇಲೆ, ಅದೂ ಮನೆಯವನೇ ಆದ ಮೈದುನನಿಂದ.

ಇಜ್ಬಸಾರನ ಮಗ ಮೆಂದಿಗಾಲಿ. ನಮ್ಮಲ್ಲಿ ಸೊಸೆ ಗಂಡನ ಕಡೆಯವರ ಹೆಸರನ್ನು ಬಾಯಲ್ಲಿ ಹೇಳುವಂತಿಲ್ಲ; ಮದುವೆಯಾಗಿ ಬಂದವಳೇ ಒಬ್ಬೊಬ್ಬರಿಗೂ ತಾನೇ ಒಂದು ಹೆಸರಿಡಬೇಕು. ಉಲ್ಮೆಕೆನ್ ಬಂದಾಗ ಮೆಂದಿಗಾಲಿ ಅಪ್ಪನ ಲಾರಿಯಿಂದ ಯಾರಾದರೂ ಎತ್ತಿಕೊಳ್ಳದೆ ಇಳಿಯದ, ಅಷ್ಟೇನೂ ಚಿಕ್ಕವನಲ್ಲದ ಹುಡುಗ. ಮುದ್ದುಮರಿ ಎಂದು ಹೆಸರಿಟ್ಟಳು. ಇಟ್ಟ ಹೆಸರನ್ನು ಬದಲಾಯಿಸುವ ಪದ್ಧತಿ ಇಲ್ಲ. ಮುಂದೆ ಅವನು ಓದಿದ, ಕಚೇರಿಗಳ ಮೇಲೆ ಅಧಿಕಾರ ನಡೆಸಿದ, ಟೈ ಕಟ್ಟಿದ, ನಿವೃತ್ತನಾಗಿ ನಗರ ಸ್ಮೃತಿ ಮಂಡಳಿಯ ಅಧ್ಯಕ್ಷನಾದ. ಎರಡನೇ ಬಡಾವಣೆಯ ಅಂಗಳದಲ್ಲಿ ಮಾತ್ರ ಮುದ್ದುಮರಿಯಾಗಿಯೇ ಉಳಿದ.

ಮಂಡಳಿಯ ಕೆಲಸ ಊರಿಗೆ ರೂಪಕೊಟ್ಟ ಸಂಸ್ಥೆಗಳ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸುವುದು. ಯಾರ ಹೆಸರು ಮೊದಲು ಎಂಬ ಪ್ರಶ್ನೆಗೆ ಎರಡು ಚಳಿಗಾಲ ಹಿಡಿಯಿತು. ಗಣಿಯ ಪ್ರತಿನಿಧಿ ಮತ್ತು ನೀರಿನ ಕಾರ್ಖಾನೆಯ ಪ್ರತಿನಿಧಿ ಮಾತು ಬಿಟ್ಟರು. ಅವರು ಬೀಗರಾದ್ದರಿಂದ ಮೊಮ್ಮಗುವಿನ ನಾಮಕರಣವೂ ಮುಂದಕ್ಕೆ ಹೋಯಿತು. ಕೊನೆಗೆ ಮೆಂದಿಗಾಲಿಗೆ ಒಂದು ಉಪಾಯ ಹೊಳೆಯಿತು. ಗುಂಡನೆಯ ಕಲ್ಲು ತರಿಸಿ ಹೆಸರುಗಳನ್ನು ಸುತ್ತಲೂ ಕೆತ್ತಿಸಿದರೆ ಯಾರೂ ಮೊದಲಲ್ಲ, ಯಾರೂ ಕೊನೆಯಲ್ಲ. ಊರೆಲ್ಲ ಬಿಳಿ ಕಲ್ಲಿನದು. ಊರಿನ ನೆನಪಿಗೆ ಮಾತ್ರ ದೂರದಿಂದ ಕರಿ ಕಲ್ಲು ಬಂತು. ಗಿಡ್ಡ ಕಾಲಿನ ಮೇಲೆ ಕೂರಿಸಿದ ದೊಡ್ಡ ಗುಂಡನೆಯ ಚಪ್ಪಡಿ. ಅದನ್ನು ಊರಿನ ಮೊದಲ ಕಟ್ಟಡದ, ಅಂದರೆ ಉಲ್ಮೆಕೆನ್ ಇರುವ ಕಟ್ಟಡದ, ಅಂಗಳದ ನಟ್ಟನಡುವೆ ಇಡಬೇಕು, ನಗರ ದಿನದಂದು ಅನಾವರಣವಾಗಬೇಕು ಎಂದು ತೀರ್ಮಾನವಾಯಿತು. ನಟ್ಟನಡುವೆ ಜಿಡೆ ಮರ ಇತ್ತು.

ಮೆಂದಿಗಾಲಿ ಒಬ್ಬನೇ ಬಂದ, ಮರದ ಕೆಳಗೆ ಕೂತ, ಶುಬತ್ ಕುಡಿದ. ಮೂರು ಹೊಸ ಸಸಿ ನೆಡಿಸುತ್ತೇನೆ, ಅವಕ್ಕೆ ಹಲಗೆಯನ್ನೂ ಹಾಕಿಸುತ್ತೇನೆ ಎಂದ. ಆಮೇಲೆ ಕಾನೂನಿಗೆ ಬಂದ.

"ಅತ್ತಿಗೆ, ಈ ಮರಾನ ಯಾವ ಸಂಸ್ಥೆ ನೆಟ್ಟಿದ್ದು ಅಂತ ಎಲ್ಲೂ ದಾಖಲೇನೇ ಇಲ್ಲ."

"ನಿನ್ನನ್ನ ಯಾವ ಸಂಸ್ಥೆ ಹೆತ್ತಿದ್ದು, ಮುದ್ದುಮರಿ?"

"ತಮಾಷೆ ಸಾಕು. ಊರಿನ ಇತಿಹಾಸದ ವಿಷಯ ಇದು. ಒಂದು ಮರಕ್ಕೋಸ್ಕರ ಇತಿಹಾಸ ಪಕ್ಕಕ್ಕೆ ಸರ್ಕೊಳ್ಳೋಕಾಗುತ್ತಾ?"

"ಸರ್ಕೊಂಡ್ರೆ ಅದಕ್ಕೂ ಸ್ವಲ್ಪ ನೆರಳು ಸಿಗ್ತಿತ್ತು," ಎಂದು ಉಲ್ಮೆಕೆನ್ ಬಟ್ಟಲು ತುಂಬಿಸಿದಳು.

ಅವನು ಅದನ್ನೂ ಕುಡಿದು, ನಗರ ದಿನಕ್ಕೆ ಮುಂಚಿನ ಸೋಮವಾರ ಆಳುಗಳು ಬರುತ್ತಾರೆಂದು ಹೇಳಿ ಎದ್ದ. ಅವನು ಹೋದ ಮೇಲೆ ಮೇಲಿನ ಮನೆಯ ತಮಾರಾ ಕೆಳಗಿಳಿದು ಬಂದಳು. ಮೀನಿನ ಅಂಗಡಿಯವಳು, ಲೆಜ್ಗಿ ಜನಾಂಗದ ಹೆಂಗಸು, ಗಂಡನಿಗಿಂತ ಹೆಚ್ಚು ವರ್ಷ ಈ ಅಂಗಳದ ಜೊತೆ ಸಂಸಾರ ಮಾಡಿದವಳು. ಮರಕ್ಕೆ ಸರಪಳಿಯಲ್ಲಿ ಕಟ್ಟಿಕೊಂಡು ಕೂರೋಣ ಎಂದಳು. ಉಲ್ಮೆಕೆನ್ ಒಪ್ಪಲಿಲ್ಲ. ಈ ವಯಸ್ಸಿನಲ್ಲಿ ಕಟ್ಟಿಹಾಕಿದರೆ ಬಚ್ಚಲಿಗೆ ಹೋಗುವುದು ಹೇಗೆ? ಅವಳು ಪುರಸಭೆಯ ಹಸಿರು ಇಲಾಖೆಗೆ ಹೋದಳು. ಮರ ನಮ್ಮ ಪಟ್ಟಿಯಲ್ಲಿಲ್ಲ, ಇಲ್ಲದ ಮರವನ್ನು ಉಳಿಸಲು ಬರುವುದಿಲ್ಲ ಎಂದರು. ಹಾಗಾದರೆ ಇಲ್ಲದ ಮರವನ್ನು ಕಡಿಯಲು ಬರುತ್ತದೆಯೇ ಎಂದು ಕೇಳಿದಳು. ಅದು ಬೇರೆ ಇಲಾಖೆ ಎಂದರು.

ಅಲ್ಲಿಂದ ನೇರ ಅವಳು ಹೋದದ್ದು ಇಜ್ಬಸಾರನ ಮನೆಗೆ.

ಎಂಬತ್ತೈದು ದಾಟಿದ ಮುದುಕ ಮಗನ ಮನೆಯ ಕಿಟಕಿಯ ಬಳಿ ಕೂತು ಬಾರ್ಲಿ ಗಂಜಿಯನ್ನು ದಿಟ್ಟಿಸುತ್ತಿದ್ದ. ಡಾಕ್ಟರು ಮಾಂಸ ಕಡಿಮೆ ಮಾಡಲು ಹೇಳಿದ್ದರು; ಮಗ ಶಿಸ್ತಿನವನಾದ್ದರಿಂದ ಪೂರ್ತಿ ನಿಲ್ಲಿಸಿದ್ದ. ಉಲ್ಮೆಕೆನ್ ಬಗ್ಗಿ ವಂದಿಸಿ ಕೂತು, ಮರಕ್ಕೆ ಐವತ್ತು ತುಂಬಿತು, ಭಾನುವಾರ ಅಂಗಳದಲ್ಲಿ ಊಟ ಇಟ್ಟುಕೊಂಡಿದ್ದೇನೆ ಎಂದಳು. ಮುದುಕ ಕೇಳಿದ್ದು ಒಂದೇ ಪ್ರಶ್ನೆ.

"ಕುರಿ ಕಡೀತೀಯೋ, ಇಲ್ಲ ಕೋಳೀಲೇ ಮುಗಿಸ್ತೀಯೋ?"

"ಕುರಿ, ಮಾವ. ತಲೆ ನಿಮ್ಮ ಮುಂದೇನೇ ಇಡ್ತೀನಿ. ನೀವು ಮರಾನ ಬಾಯ್ತುಂಬ ಹರಸಬೇಕು, ಅಷ್ಟೆ."

"ಬಾಯ್ತುಂಬ ಹರಸೋಕೆ ಮೊದಲು ಬಾಯ್ತುಂಬ ಬೇಕು," ಎಂದು ಮುದುಕ ಗಂಜಿಯ ಬಟ್ಟಲನ್ನು ದೂರ ತಳ್ಳಿದ.

ನಮ್ಮ ಕಡೆ ಊಟದಲ್ಲಿ ಬೇಯಿಸಿದ ಕುರಿಯ ತಲೆಯನ್ನು ಎಲ್ಲರಿಗಿಂತ ದೊಡ್ಡವರ ಮುಂದೆ ಇಡುತ್ತಾರೆ. ತಲೆ ಪಡೆದವರು ಅದನ್ನು ಕೊಯ್ದು ಹಂಚಬೇಕು, ಅಂಗೈ ತೆರೆದು ಹರಸಬೇಕು. ಹತ್ತು ಜನರ ಎದುರು ಹಿರಿಯನ ಬಾಯಿಂದ ಬಂದ ಹರಕೆಯನ್ನು ಮೀರಿದವನ ಮನೆಯಿಂದ ಆಮೇಲೆ ಯಾರೂ ಹೆಣ್ಣು ತರುವುದಿಲ್ಲ, ಅವನಿಗೆ ಸಾಲ ಕೊಡುವುದಿಲ್ಲ, ಎದುರಾದಾಗ ಕೈಯನ್ನೂ ಸರಿಯಾಗಿ ಕುಲುಕುವುದಿಲ್ಲ. ಇನ್ನೊಂದು ನಿಯಮವೂ ಇದೆ. ತಂದೆ ಬದುಕಿರುವ ಗಂಡಸಿನ ಮುಂದೆ ತಲೆ ಇಡಬಾರದು. ಇಟ್ಟರೆ ತಂದೆಯ ಸಾವು ಬಯಸಿದಂತೆ. ಆದ್ದರಿಂದ ಅರವತ್ತು ದಾಟಿ, ಊರಿನ ಎಲ್ಲ ಸಮಾರಂಭಗಳ ಅಧ್ಯಕ್ಷತೆ ವಹಿಸಿದ ಮೆಂದಿಗಾಲಿಯ ಮುಂದೆ ಇದುವರೆಗೆ ಒಂದು ಕುರಿಯೂ ಮುಖ ತೋರಿಸಿರಲಿಲ್ಲ.

ಅಂಗಳದ ಊಟದ ಸುದ್ದಿ ಅವನ ಕಿವಿಗೂ ಬಿತ್ತು. ಹೋಗದಿದ್ದರೆ ಹೆದರಿದ ಎನ್ನುತ್ತಾರೆ. ಹೋದರೆ ಅತ್ತಿಗೆ ಬಲವಂತವಾಗಿ ಮರವನ್ನು ಹರಸಲು ಹೇಳುತ್ತಾಳೆ. ಅವನು ಬುದ್ಧಿವಂತ, ಲೆಕ್ಕ ಹಾಕಿದ: ಅಪ್ಪ ಬದುಕಿದ್ದಾನೆ, ಆದ್ದರಿಂದ ತಲೆ ತನಗೆ ಬರುವಂತಿಲ್ಲ, ತಲೆ ಬಾರದವನನ್ನು ಹರಸು ಎಂದು ಕೇಳುವಂತಿಲ್ಲ. ಉಳಿದ ಹಿರಿಯರು ತನ್ನ ಮಂಡಳಿಯವರೇ. ಅಪ್ಪನನ್ನು ಕರೆತರಬೇಡವೆಂದು ಮೊಮ್ಮಗನಿಗೂ ಡ್ರೈವರಿಗೂ ಹೇಳಿಬಿಟ್ಟರೆ ಮುಗಿಯಿತು. ಹಾಗೆ ಹೇಳಿ, ನಿಶ್ಚಿಂತೆಯಿಂದ ಮಂಡಳಿಯ ಸದಸ್ಯರನ್ನೂ ಕರೆದುಕೊಂಡು ಹೊರಟ. ಬಿಟ್ಟಿ ಊಟಕ್ಕೆ ಇತಿಹಾಸಕಾರರು ಎಂದೂ ಇಲ್ಲ ಎನ್ನುವುದಿಲ್ಲ.

ಅವನ ಲೆಕ್ಕದಲ್ಲಿ ಮೀನು ಮಾರುಕಟ್ಟೆ ಸೇರಿರಲಿಲ್ಲ. ಜನರೆಲ್ಲ ಚಾಪೆಯ ಮೇಲೆ ಕೂತು, ಮೊದಲ ಸುತ್ತಿನ ಚಹಾ ಮುಗಿಯುತ್ತಿದ್ದಾಗ ಅಂಗಳದೊಳಗೆ ತಮಾರಾಳ ಮೂರು ಚಕ್ರದ ಗಾಡಿ ಬಂತು. ಐಸಿನ ಪೆಟ್ಟಿಗೆಗಳ ನಡುವೆ, ಕುರ್ಚಿಯ ಮೇಲೆ, ಹಬ್ಬದ ನಿಲುವಂಗಿ ತೊಟ್ಟ ಇಜ್ಬಸಾರ್. ಮೀನು ಹೊರುವ ಇಬ್ಬರು ಕುರ್ಚಿ ಸಮೇತ ಅವನನ್ನು ಎತ್ತಿ ತಂದು ಮರದ ಬುಡಕ್ಕೆ, ಎಲ್ಲರಿಗಿಂತ ಮೇಲಿನ ಜಾಗದಲ್ಲಿ ಇಳಿಸಿದರು. ಮೆಂದಿಗಾಲಿ ಎದ್ದು ನಿಂತ. ಅಪ್ಪ ಬಂದಾಗ ಮಗ ಎದ್ದು ನಿಲ್ಲಲೇಬೇಕು. ನೋಡಿದವರು ಮರ್ಯಾದೆ ಎಂದುಕೊಂಡರು.

ತಲೆ ಬಂತು. ಮೂತಿ ಮುದುಕನ ಕಡೆ ತಿರುಗಿಸಿ ಉಲ್ಮೆಕೆನ್ ತಟ್ಟೆ ಇಟ್ಟಳು. ಇಜ್ಬಸಾರ್ ಚಾಕು ಹಿಡಿದು ಬಲಗೆನ್ನೆ ಕೊಯ್ದು ಬಾಯಿಗೆ ಹಾಕಿಕೊಂಡ. ಕಣ್ಣು ಮುಚ್ಚಿದ. ಇನ್ನೊಂದು ಚೂರು ಕೊಯ್ದ. ಎಡಗೆನ್ನೆಗೆ ಹೋದ. ಹಂಚುವ ಸೂಚನೆಯೇ ಇಲ್ಲ. ಉಲ್ಮೆಕೆನ್ ಒಮ್ಮೆ ಕೆಮ್ಮಿದಳು. ಎರಡನೇ ಸಲ ತಮಾರಾ ಕೆಮ್ಮಿದಳು. ಮುದುಕ ತನ್ನ ಪಾಡಿಗೆ ತಿನ್ನುತ್ತಿದ್ದ. ಕೊಟ್ಟ ಮಾತು ಅವನಿಗೆ ನೆನಪಿದೆಯೋ, ಹಸಿವಿನಲ್ಲಿ ಮರೆತನೋ ಗೊತ್ತಾಗಲಿಲ್ಲ. ಉಲ್ಮೆಕೆನ್ ತುಂಬಿದ್ದ ಬಟ್ಟಲಿಗೇ ಮತ್ತೆ ಚಹಾ ಸುರಿದಳು. ಅದನ್ನು ಮೆಂದಿಗಾಲಿ ನೋಡಿದ. ಅಪ್ಪನಿಗೆ ಇಷ್ಟೆಲ್ಲ ಆಗಿಬರುವುದಿಲ್ಲ, ಸುಸ್ತಾಗಿದ್ದಾನೆ, ಕರೆದುಕೊಂಡು ಹೋಗುತ್ತೇನೆ ಎನ್ನುತ್ತ ಅವನು ಮುಂದೆ ಬಂದು ಕುರ್ಚಿಯ ಹಿಂಬದಿಗೆ ಕೈ ಹಾಕಿದ.

ಆಗ ಮುದುಕ ಕುರಿಯ ಕಿವಿ ಕೊಯ್ದು ಚಾಕುವಿನ ತುದಿಯಲ್ಲಿ ಎತ್ತಿ ಹಿಡಿದ.

ಕಿವಿ ಯಾವಾಗಲೂ ಮಕ್ಕಳಿಗೆ. ದೊಡ್ಡವರ ಮಾತು ಕೇಳುವವರಾಗಲಿ ಎಂದು ಕೊಡುವುದು. ಅಂಗಳದ ಮಕ್ಕಳು ಆಗಲೇ ಕೈಚಾಚಿ ನಿಂತಿದ್ದರು. ಇಜ್ಬಸಾರ್ ಅವರನ್ನೆಲ್ಲ ದಾಟಿ ನೋಡಿದ.

"ನನ್ ಮಗ ಎಲ್ಲಿ?"

"ಇಲ್ಲೇ ಇದ್ದೀನಪ್ಪ, ನಿಮ್ಮ ಹಿಂದೆ."

"ಮುಂದೆ ಬಾ. ತಗೋ."

"ಅಪ್ಪ, ನಂಗೆ ಅರವತ್ತು ದಾಟಿದೆ."

"ಗೊತ್ತು. ನೀನು ಹುಟ್ಟಿದಾಗ ನಾನೂ ಇದ್ದೆ. ತಿನ್ನು."

ಗಣಿ, ನಿಗಮ, ನೀರಿನ ಕಾರ್ಖಾನೆ, ಮೀನುಗಾರರ ಸಂಘ, ಎಲ್ಲರ ಎದುರು ನಗರ ಸ್ಮೃತಿ ಮಂಡಳಿಯ ಅಧ್ಯಕ್ಷ ಕಿವಿಯನ್ನು ಬಾಯಿಗೆ ಹಾಕಿಕೊಂಡ. ಕುರಿಯ ಕಿವಿ ಬೇಗ ನುರಿಯುವ ಪದಾರ್ಥವಲ್ಲ. ಅವನು ಅಗಿಯುತ್ತಿದ್ದಷ್ಟು ಹೊತ್ತು ಬಾಯಿ ತೆರೆಯಲಾಗಲಿಲ್ಲ, ಮತ್ತು ಮುದುಕನಿಗೆ ಬೇಕಾಗಿದ್ದದ್ದೂ ಅಷ್ಟೇ ಹೊತ್ತು. ಅವನು ಜಿಡ್ಡುಗೈಗಳನ್ನೇ ತೆರೆದು ಮರದ ಕಡೆ ಎತ್ತಿದ.

"ಇದರ ಬುಡದಲ್ಲಿರೋದು ನಾನು ತಂದ ಮಣ್ಣು. ಎಲ್ಲಿಂದ ತಂದೆ ಅನ್ನೋದು ದೇವರಿಗೂ ನಂಗೂ ಬಿಟ್ಟಿದ್ದು. ಬೇರು ಕಲ್ಲನ್ನ ಒಡೀಲಿ, ನೆರಳು ಅಂಗಳ ತುಂಬ್ಲಿ. ಇದರ ಮೇಲೆ ಎತ್ತಿದ ಕೊಡಲಿ ಎತ್ತಿದ ಕೈಯಲ್ಲೇ ತೂಕಡಿಸ್ಲಿ. ನನ್ನ ಮೊಮ್ಮಕ್ಕಳ ಮೊಮ್ಮಕ್ಕಳು ಇದರ ಹಣ್ಣು ಕದ್ದು ತಿಂದು ಬೈಸ್ಕೊಳ್ಲಿ. ಆಮೀನ್."

ಆಮೀನ್ ಎಂದು ಅಂಗಳವೆಲ್ಲ ಮುಖ ಸವರಿಕೊಂಡಿತು. ಮಂಡಳಿಯ ಸದಸ್ಯರೂ ಸವರಿಕೊಂಡರು, ತುಂಬಿದ ಬಾಯಿಯಲ್ಲೇ. ಚಿಕ್ಕಂದಿನಿಂದ ಬಂದ ಅಭ್ಯಾಸ. ಕೈಗಳು ತಾವಾಗಿಯೇ ಮೇಲೇಳುತ್ತವೆ. ಇನ್ನೂ ಅಗಿಯುತ್ತಿದ್ದ ಮೆಂದಿಗಾಲಿಯ ಕೈಗಳೂ ಎದ್ದವು, ಮುಖದ ಮೇಲೆ ಇಳಿದವು. ತಾನೂ ಹರಕೆಗೆ ಒಪ್ಪಿದಂತಾಯಿತೆಂದು ಅವನಿಗೆ ಹೊಳೆದದ್ದು ಇಳಿದ ಮೇಲೆಯೇ.

ಕಿವಿಯ ಉಪಾಯ ಉಲ್ಮೆಕೆನಳದಾಗಿರಲಿಲ್ಲ. ಅವಳು ಹರಕೆಯನ್ನು ಮಾತ್ರ ಕೇಳಿದ್ದಳು. ಎಷ್ಟೋ ತಿಂಗಳ ಬಾರ್ಲಿ ಗಂಜಿಯ ಸೇಡನ್ನು ಮುದುಕ ತನ್ನ ಖಾತೆಯಿಂದಲೇ ಸೇರಿಸಿದ್ದ.

ಸೋಮವಾರ ಆಳುಗಳು ಬಂದರು. ಮುಖ್ಯಸ್ಥನಿಗೆ ಹಿಂದಿನ ದಿನದ ಸುದ್ದಿ ಆಗಲೇ ಮುಟ್ಟಿತ್ತು. ಅವನು ಗರಗಸವನ್ನು ಗಾಡಿಯಿಂದ ಇಳಿಸಲೇ ಇಲ್ಲ. ಮಂಡಳಿ ತುರ್ತಾಗಿ ಸೇರಿತು. ಹರಕೆ ಎನ್ನುವುದು ಆಡಳಿತಾತ್ಮಕ ಆದೇಶವಲ್ಲ ಎಂದು ಮೆಂದಿಗಾಲಿ ವಾದಿಸಿದ. ಸರಿ, ಹಾಗಾದರೆ ಕಡಿಸುವ ಕಾಗದಕ್ಕೆ ನೀವೇ ಮೊದಲು ಸಹಿ ಹಾಕಿ ಎಂದು ಗಣಿಯವನು ಹೇಳಿದ. ಜೀವನದಲ್ಲಿ ಮೊದಲ ಸಲ ನೀರಿನ ಕಾರ್ಖಾನೆಯವನು ಬೀಗರ ಮಾತಿಗೆ ತಲೆದೂಗಿದ. ಮುಂದಕ್ಕೆ ಹೋಗಿದ್ದ ನಾಮಕರಣಕ್ಕೆ ಅಲ್ಲೇ ದಿನ ಗೊತ್ತಾಯಿತು. ಪೆನ್ನು ಮೇಜಿನ ಸುತ್ತ ಒಂದು ಸುತ್ತು ಹಾಕಿ ಮೆಂದಿಗಾಲಿಯ ಮುಂದೆ ಬಂದು ನಿಂತಿತು. ಅವನು ಅದನ್ನು ಜೇಬಿಗೆ ಹಾಕಿಕೊಂಡ.

ಹೀಗೆ ಇತಿಹಾಸವೇ ಪಕ್ಕಕ್ಕೆ ಸರಿದುಕೊಂಡಿತು. ಗುಂಡು ಕಲ್ಲನ್ನು ಮರದ ಬುಡದಲ್ಲಿ ಇಟ್ಟರು. ಅನಾವರಣದ ದಿನ ಹೊದಿಸಿದ ಬಟ್ಟೆ ಜಿಡೆಯ ಮುಳ್ಳಿಗೆ ಸಿಕ್ಕಿ ಅರ್ಧಕ್ಕೇ ನಿಂತಿತು. ಭಾಷಣ ಮುಗಿಯುವವರೆಗೂ ಅರ್ಧ ಊರನ್ನು ಮಾತ್ರ ಕಟ್ಟಿದಂತೆ ಕಾಣುತ್ತಿತ್ತು. ಉಲ್ಮೆಕೆನ್ ಮನೆಯಿಂದ ಕತ್ತರಿ ತಂದು ಬಟ್ಟೆಯನ್ನು ಬಿಡಿಸಿದಳು. ಬಟ್ಟೆ ಒಳ್ಳೆಯದು, ರೇಷ್ಮೆಯದು. ಹಿಂದಿರುಗಿಸಿದಂತೆ ಯಾರಿಗೂ ನೆನಪಿಲ್ಲ.

ಎತ್ತರ ಮೊಣಕಾಲಿನಷ್ಟು, ಆಕಾರ ಗುಂಡನೆ, ಮೇಲೆ ನೆರಳು. ಅಂಥ ಕಲ್ಲು ನಮ್ಮ ಜನರ ನಡುವೆ ಎಷ್ಟು ದಿನ ಸ್ಮಾರಕವಾಗಿರಬಲ್ಲದು? ಮೊದಲ ವಾರವೇ ತಮಾರಾ ಅದರ ಮೇಲೊಂದು ಬಟ್ಟಲು ಇಟ್ಟಳು. ಈಗ ಸಂಜೆಯಾದರೆ ಸುತ್ತಲೂ ಮುದುಕರು ಕೂರುತ್ತಾರೆ. ಗಣಿಯವನು ತನ್ನ ಬಟ್ಟಲನ್ನು ಗಣಿಯ ಹೆಸರಿನ ಮೇಲೆಯೇ ಇಡುತ್ತಾನೆ, ನಿಗಮದವನು ನಿಗಮದ ಮೇಲೆ. ತಪ್ಪಿ ಬೇರೆ ಹೆಸರಿನ ಮೇಲೆ ಇಟ್ಟವನಿಗೆ ಕೂಡಲೇ ಗದರಿಕೆ. ಮಗನ ತೋಳು ಹಿಡಿದು ಇಜ್ಬಸಾರ್ ಬರುತ್ತಾನೆ, ಮೆಂದಿಗಾಲಿಯೂ ಕೂರುತ್ತಾನೆ. ಕಲ್ಲಿನ ಮೇಲೆ ಬಟ್ಟಲು ಇಡಬಾರದೆಂದು ಒಂದು ಫಲಕ ಹಾಕಿಸುತ್ತೇನೆ ಎಂದು ಅವನು ಒಮ್ಮೆ ಶುರುಮಾಡಿದ್ದ.

"ಮುದ್ದುಮರಿ," ಎಂದಳು ಉಲ್ಮೆಕೆನ್, "ಕಿವಿ ತಿಂದೋನು ನೀನು. ಸುಮ್ನೆ ಕೇಳಿಸ್ಕೊಂಡು ಚಹಾ ಕುಡಿ."

ಅವನು ಕುಡಿದ. ಬಟ್ಟಲಲ್ಲಿ ಸ್ವಲ್ಪ ಉಳಿಸಿದ. ಅವಳು ಅದನ್ನು ತಗೊಂಡು ಮರದ ಬುಡಕ್ಕೆ ಚೆಲ್ಲಿದಳು.